ಕೋಟಿಂಗ್‌ಗೆ ಮೊದಲು ಯಾವ ಪಾಲಿಶ್? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಕಾರಿನ ಸೆರಾಮಿಕ್ ಕೋಟಿಂಗ್ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೋಟಿಂಗ್ ಬಗ್ಗೆ ಅಲ್ಲವೇ ಅಲ್ಲ, ಅದಕ್ಕೆ ಮೊದಲು ಮಾಡುವ ಪಾಲಿಶ್ ಬಗ್ಗೆ. ನನಗೆ ತುಂಬಾ ಖುಷಿಯಾಯಿತು. ಕೋಟಿಂಗ್ ಒಂದು ಪಾರದರ್ಶಕ ಪದರ, ಅದರ ಕೆಳಗೆ ಗೀರು ಇದ್ದರೆ ಗೀರೇ ಕಾಣುತ್ತದೆ, ವರ್ಷಗಟ್ಟಲೆ ಕಾಣುತ್ತದೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಪಾಲಿಶ್‌ಗೇ ಇಟ್ಟಿದ್ದೇನೆ. ಎಲ್ಲ ಪತ್ರಗಳಿಗೂ ಜಾಗ ಸಿಗಲಿಲ್ಲ, ಒಂದೇ ಥರದ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ನನ್ನದು 2019ರ ಕಾರು, ಕಡು ನೀಲಿ ಬಣ್ಣ. ಈ ಸಲ ಮನೆಯಲ್ಲೇ ಪಾಲಿಶ್ ಮಾಡಿ ಮೇಲೆ ಸೆರಾಮಿಕ್ ಕೋಟಿಂಗ್ ಹಾಕುವ ಅಂತ ಇದ್ದೇನೆ. ಅಂಗಡಿಗೆ ಹೋದರೆ ಕಾಂಪೌಂಡ್, ಕಟ್, ಪಾಲಿಶ್, ಫಿನಿಶ್, ಗ್ಲೇಜ್, ಆಲ್ ಇನ್ ಒನ್ ಅಂತ ಹತ್ತು ಬಾಟ್ಲಿ ತೆಗೆದು ಎದುರಿಗಿಟ್ಟರು. ಯಾವುದು ತಗೊಳ್ಳಬೇಕು? (ಕದ್ರಿಯ ಓದುಗರು)

ಉತ್ತರ: ಎರಡು ಸಾಕು. ಒಂದು ಮಧ್ಯಮ ಪಾಲಿಶ್, ಒಂದು ಫಿನಿಶಿಂಗ್ ಪಾಲಿಶ್. ಕಾಂಪೌಂಡ್ ಅಂದರೆ ಎಲ್ಲಕ್ಕಿಂತ ಒರಟಾಗಿ ಉಜ್ಜುವಂಥದ್ದು, ಅದು ಸದ್ಯಕ್ಕೆ ಅಂಗಡಿಯಲ್ಲೇ ಇರಲಿ, ಬೇಕೇ ಬೇಕು ಅಂತಾದರೆ ಆಮೇಲೆ ತಂದರಾಯಿತು.

ಪಾಲಿಶ್ 'ಹಚ್ಚುವುದು' ಅಂತ ಹೇಳುತ್ತೇವಲ್ಲ, ಆ ಮಾತಿನಿಂದಲೇ ಅರ್ಧ ಗೊಂದಲ ಆಗುವುದು. ಬಾಟ್ಲಿಯೊಳಗೆ ಇರುವುದು ಬಹಳ ನುಣ್ಣನೆಯ ಪುಡಿ. ಅದು ಬಣ್ಣದ ಮೇಲಿರುವ ಕ್ಲಿಯರ್ ಕೋಟನ್ನು ಉಜ್ಜಿ ತೆಗೆಯುತ್ತದೆ. ಗೀರಿನ ಸುತ್ತಲಿನ ಮಟ್ಟ ಇಳಿದು ಗೀರಿನ ತಳಕ್ಕೆ ಬಂದಾಗ ಗೀರು ಮಾಯ. ಈಗ ಲೆಕ್ಕ ನೋಡಿ. ಕಂಪನಿಯಿಂದ ಬಂದ ಕಾರಿನಲ್ಲಿ ಪ್ರೈಮರ್, ಬಣ್ಣ, ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಜೆರಾಕ್ಸ್ ಮಾಡುವ ಒಂದು ಹಾಳೆ ಸುಮಾರು 100 ಮೈಕ್ರಾನ್ ಇರುತ್ತದೆ, ಅಂದರೆ ಒಂದು ಒಂದೂವರೆ ಹಾಳೆಯಷ್ಟೇ. ಅದರಲ್ಲಿ ಕ್ಲಿಯರ್ ಕೋಟ್‌ನ ಪಾಲು ಹೆಚ್ಚುಕಡಿಮೆ 35ರಿಂದ 50 ಮೈಕ್ರಾನ್. ಬಿಸಿಲಿನಿಂದ ಬಣ್ಣವನ್ನು ಕಾಯುವುದು ಆ ಪದರ. ಅದನ್ನು ತೆಗೆದರೆ ವಾಪಸ್ ಬರುವುದಿಲ್ಲ. ಅದಕ್ಕೇ ನಾನು ಯಾರು ಕೇಳಿದರೂ ಇದನ್ನೇ ಹೇಳುವುದು: ಕೆಲಸ ಆಗುವಷ್ಟು ಮೆತ್ತಗಿನದ್ದನ್ನು ಮೊದಲು ಹಿಡಿಯಿರಿ, ಅದರಿಂದ ಆಗದಿದ್ದರೆ ಮಾತ್ರ ಒಂದು ಮೆಟ್ಟಿಲು ಖಾರದ್ದಕ್ಕೆ ಹೋಗಿ.

ಇನ್ನು ಎರಡನೆಯ ಮಾತು, ಕೋಟಿಂಗ್ ಹಾಕುವವರಿಗೆ ಇದೇ ಮುಖ್ಯ. ಗ್ಲೇಜ್ ಮತ್ತು ಆಲ್ ಇನ್ ಒನ್ ಬಾಟ್ಲಿಗಳನ್ನು ಮುಟ್ಟಬೇಡಿ. ಅವು ಕೆಟ್ಟ ಮಾಲು ಅಂತ ಅಲ್ಲ. ಕೋಟಿಂಗ್ ಇಲ್ಲದ ಕಾರಿಗೆ ಒಂದೇ ಸಲಕ್ಕೆ ಹೊಳಪು ಬೇಕು ಅನ್ನುವವರಿಗೆ ಅವು ಚೆನ್ನಾಗಿಯೇ ಇವೆ. ಆದರೆ ಅವುಗಳಲ್ಲಿ ವ್ಯಾಕ್ಸ್, ಎಣ್ಣೆ, ಸಿಲಿಕೋನ್, ಗೀರು ತುಂಬುವ ಫಿಲ್ಲರ್ ಇಂಥದ್ದೆಲ್ಲ ಇರುತ್ತದೆ. ಹಲಸಿನ ಹಣ್ಣು ಕೊಯ್ಯುವ ಮೊದಲು ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರುತ್ತೇವೆ, ಯಾಕೆ? ಮಯಣ ಅಂಟಬಾರದು ಅಂತ. ಬಣ್ಣದ ಮೇಲೆ ಎಣ್ಣೆಯ ಪಸೆ ಉಳಿದರೆ ಕೋಟಿಂಗ್‌ಗೂ ಅದೇ ಗತಿ. ದುಬಾರಿ ಬಾಟ್ಲಿ ತಂದು ಹಾಕುತ್ತೀರಿ, ನೋಡಲು ಚೆಂದ ಕಾಣುತ್ತದೆ, ನಾಲ್ಕೈದು ತಿಂಗಳಲ್ಲಿ ನೀರು ಮುತ್ತಿನ ಹಾಗೆ ಉರುಳುವುದು ನಿಲ್ಲುತ್ತದೆ. ಫಿಲ್ಲರ್‌ನದು ಇನ್ನೊಂದು ತೊಂದರೆ. ಅದು ಗೀರಿನೊಳಗೆ ಕೂತು ಗೀರನ್ನು ಮುಚ್ಚುತ್ತದೆ. ಕೋಟಿಂಗ್‌ಗೆ ಮೊದಲು ಪಸೆ ತೆಗೆಯಲು ಆಲ್ಕೋಹಾಲ್ ಹಾಕಿ ಒರೆಸಿದ ಕೂಡಲೇ ಹಳೆಯ ಗೀರೆಲ್ಲ ಎದ್ದು ಬರುತ್ತದೆ, ಇಡೀ ದಿನದ ಕೆಲಸ ನೀರುಪಾಲು.

ಬಾಟ್ಲಿ ತಗೊಳ್ಳುವಾಗ ಹಿಂದಿನ ಲೇಬಲ್ ಓದಿ. ಸಿಲಿಕೋನ್ ಇಲ್ಲ, ಫಿಲ್ಲರ್ ಇಲ್ಲ, ಬಾಡಿ ಶಾಪ್‌ನಲ್ಲಿ ಬಳಸಬಹುದು ಅಂತ ಬರೆದದ್ದು ಒಳ್ಳೆಯ ಗುರುತು. 'ಪಾಲಿಶ್ ಆಂಡ್ ವ್ಯಾಕ್ಸ್', 'ಶೈನ್ ಆಂಡ್ ಪ್ರೊಟೆಕ್ಟ್' ಅಂತ ಎರಡೆರಡು ಕೆಲಸ ಹೇಳಿದ್ದರೆ ವಾಪಸ್ ಇಡಿ.

ಹೆಸರು ಬೇಕು ಅನ್ನುವವರಿಗೆ: ಮೆಂಜೆರ್ನಾದಲ್ಲಿ 2500 ಮಧ್ಯಮ, 3500 ಫಿನಿಶಿಂಗ್, 400 ಅನ್ನುವುದು ಹೆವಿ ಕಟ್ ಕಾಂಪೌಂಡ್. ಇಲ್ಲಿ ನಂಬರ್ ಜಾಸ್ತಿ ಆದಷ್ಟೂ ಪುಡಿ ನುಣುಪು. ಮೆಗ್ವಾಯರ್ಸ್‌ನಲ್ಲಿ ಎಂ205 ಫಿನಿಶಿಂಗ್, ಎಂ105 ಕಾಂಪೌಂಡ್. ನಿಮ್ಮ ಕಾರಿಗೆ ಎಂ205 ಒಂದನ್ನೇ ಸ್ವಲ್ಪ ಗಟ್ಟಿ ಪ್ಯಾಡ್‌ನಲ್ಲಿ (ಪಾಲಿಶ್ ಮೆಷಿನ್ನಿಗೆ ಸಿಕ್ಕಿಸುವ ಫೋಮಿನ ಬಿಲ್ಲೆ) ಒಮ್ಮೆ, ಮೆತ್ತಗಿನ ಪ್ಯಾಡ್‌ನಲ್ಲಿ ಇನ್ನೊಮ್ಮೆ ಓಡಿಸಿದರೂ ಸಾಕಾಗಬಹುದು. ಅದರಲ್ಲಿ ಜಾರಲಿಕ್ಕೆ ಎಣ್ಣೆಯ ಅಂಶ ಉಂಟು, ಹಾಗಾಗಿ ಕೊನೆಗೆ ಒರೆಸುವ ಕೆಲಸ ಚೆನ್ನಾಗಿ ಆಗಬೇಕು. 3ಎಂ ಒಳ್ಳೆಯದಾ ಮೆಗ್ವಾಯರ್ಸ್ ಒಳ್ಳೆಯದಾ ಅಂತ ಇಬ್ಬರು ಕೇಳಿದ್ದಾರೆ. 2008ರಲ್ಲಿ 3ಎಂ ಮೆಗ್ವಾಯರ್ಸನ್ನು ಕೊಂಡುಕೊಂಡಿದೆ, ಎರಡೂ ಈಗ ಒಂದೇ ಮನೆ. ಎರಡರಲ್ಲೂ ಒಳ್ಳೆಯ ಮಾಲು ಇದೆ, ನಿಮ್ಮ ಊರಿನ ಅಂಗಡಿಯಲ್ಲಿ ಯಾವುದು ಹೊಸ ಸ್ಟಾಕ್ ಸಿಗುತ್ತದೋ ಅದನ್ನು ತಗೊಳ್ಳಿ.

ಬಳಸುವ ರೀತಿ ಮೆಂಜೆರ್ನಾ, ಮೆಗ್ವಾಯರ್ಸ್ ಎರಡರದ್ದೂ ಒಂದೇ ಅಲ್ಲ, ಇದನ್ನು ಅಂಗಡಿಯವರು ಹೇಳುವುದಿಲ್ಲ. ಮೆಂಜೆರ್ನಾದಂಥವುಗಳಲ್ಲಿ ಪುಡಿ ಉಜ್ಜಿದ ಹಾಗೆ ಒಡೆದು ಸಣ್ಣಗಾಗುತ್ತಾ ಹೋಗುತ್ತದೆ. ಮೊದಲು ಕತ್ತರಿಸುತ್ತದೆ, ಆಮೇಲೆ ಹೊಳಪು ಕೊಡುತ್ತದೆ. ಹಾಗಾಗಿ ಅರ್ಧಕ್ಕೆ ನಿಲ್ಲಿಸಿದರೆ ಮಸುಕು ಉಳಿಯುತ್ತದೆ, ಪಾಲಿಶ್ ಪೂರ್ತಿ ಪಾರದರ್ಶಕ ಆಗುವ ತನಕ ಓಡಿಸಬೇಕು. ಎಂ105, ಎಂ205ರಲ್ಲಿ ಪುಡಿ ಆ ಥರ ಒಡೆಯುವುದಿಲ್ಲ, ಕಡೆಯ ತನಕ ಒಂದೇ ಅಳತೆಯಲ್ಲಿ ಕತ್ತರಿಸುತ್ತದೆ. ಇಲ್ಲಿ ಪ್ಯಾಡ್ ಮತ್ತು ಒತ್ತುವ ಭಾರದಿಂದ ಹದ ತರಬೇಕು.

ಏನೇ ತನ್ನಿ, ಇಡೀ ಕಾರಿಗೆ ಕೈ ಹಾಕುವ ಮೊದಲು ಬಾನೆಟ್‌ನ ಒಂದು ಮೂಲೆಯಲ್ಲಿ ಎರಡಡಿಗೆ ಎರಡಡಿ ಜಾಗಕ್ಕೆ ಟೇಪ್ ಅಂಟಿಸಿ. ಪ್ಯಾಡ್ ಮೇಲೆ ಕಡಲೆಕಾಳಿನಷ್ಟು ಮೂರ್ನಾಲ್ಕು ಹನಿ, ಅಷ್ಟೇ. ಮೆತ್ತಗಿನ ಪ್ಯಾಡ್, ಫಿನಿಶಿಂಗ್ ಪಾಲಿಶ್, ಅಡ್ಡಕ್ಕೆ ಎರಡು ಸಲ, ಉದ್ದಕ್ಕೆ ಎರಡು ಸಲ, ನಿಧಾನ. ಒರೆಸಿ, ಆಲ್ಕೋಹಾಲ್ ನೀರು ಚಿಮುಕಿಸಿ ಇನ್ನೊಮ್ಮೆ ಒರೆಸಿ, ಮೊಬೈಲ್ ಟಾರ್ಚ್ ಹಿಡಿದು ಟೇಪ್‌ನ ಆಚೆ ಈಚೆ ನೋಡಿ. ಟೇಪ್‌ನ ಒಳಗೆ ಬೆಳಕಿನ ಚುಕ್ಕೆ ಸ್ಪಷ್ಟವಾಗಿ ಕೂತಿರುತ್ತದೆ, ಹೊರಗೆ ಅದೇ ಚುಕ್ಕೆಯ ಸುತ್ತ ಸಣ್ಣ ಗೀರುಗಳ ಜೇಡರ ಬಲೆ ಹಬ್ಬಿರುತ್ತದೆ. ಆ ವ್ಯತ್ಯಾಸ ನಿಮಗೆ ಸಾಕು ಅನಿಸಿದರೆ ಅದೇ ಜೋಡಿಯಲ್ಲಿ ಇಡೀ ಕಾರು ಮುಗಿಸಿ. ಸಾಲದಿದ್ದರೆ ಮಧ್ಯಮ ಪಾಲಿಶ್. ಅದಕ್ಕೂ ಮೊದಲು ಪ್ಯಾಡ್ ಬದಲಿಸಿ ನೋಡಿ, ಎಷ್ಟೋ ಸಲ ಪಾಲಿಶ್‌ಗಿಂತ ಪ್ಯಾಡೇ ಜಾಸ್ತಿ ಕೆಲಸ ಮಾಡುತ್ತದೆ. ಒಂದು ಎಚ್ಚರ: ಪ್ಯಾಡ್‌ನ ಬಣ್ಣ ನಂಬಬೇಡಿ. ಒಂದು ಕಂಪನಿಯ ಕಿತ್ತಳೆ ಬಣ್ಣದ್ದು ಇನ್ನೊಂದು ಕಂಪನಿಯ ಕಿತ್ತಳೆಯಷ್ಟೇ ಗಟ್ಟಿ ಇರಬೇಕೆಂದಿಲ್ಲ.

ಪ್ರಶ್ನೆ: ಮನೆ ಸಮುದ್ರದಿಂದ ಕೂಗಳತೆ ದೂರ. ಕಾರನ್ನು ಶಾಂಪೂ ಹಾಕಿ ತೊಳೆದರೂ ಮುಟ್ಟಿದರೆ ರವೆ ರವೆ ಆಗುತ್ತದೆ. ಪಾಲಿಶ್ ಮಾಡಿದರೆ ಹೋಗುತ್ತದಾ? ಯಾವ ಪಾಲಿಶ್? (ಮಲ್ಪೆಯ ಓದುಗರು)

ಉತ್ತರ: ದಯವಿಟ್ಟು ಆ ರವೆಯ ಮೇಲೆ ಪಾಲಿಶ್ ಮಾಡಬೇಡಿ. ನಮ್ಮ ಕರಾವಳಿಯ ಕಾರುಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಆ ರವೆ ಪ್ಯಾಡ್‌ಗೆ ಸಿಕ್ಕಿ ತಿರುಗಿದರೆ ಮರಳು ಕಾಗದ ಉಜ್ಜಿದ ಹಾಗೆ.

ಒಂದು ತೆಳ್ಳಗಿನ ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ, ತೊಳೆದು ಒರೆಸಿದ ಬಾನೆಟ್ ಮೇಲೆ ಮೆಲ್ಲಗೆ ಸವರಿ. ಬರಿಗೈಗೆ ಗೊತ್ತಾಗದ್ದೂ ಕವರಿನೊಳಗಿನ ಬೆರಳಿಗೆ ಗೊತ್ತಾಗುತ್ತದೆ. ನಿಮ್ಮ ಕಡೆ ಏನೇನು ಕೂತಿರಬಹುದು ಅಂತ ಊಹಿಸಬಲ್ಲೆ. ಉಪ್ಪಿನ ಗಾಳಿ. ಹೆದ್ದಾರಿ 66ರಲ್ಲಿ ಮೀನಿನ ಲಾರಿಯ ಹಿಂದೆ ಹೋದಾಗ ಸಿಡಿದ ಉಪ್ಪುನೀರು. ಮುರಕಲ್ಲಿನ ಕೆಂಪು ಧೂಳು. ಟಾರಿನ ಚುಕ್ಕೆ. ಇವುಗಳ ಜೊತೆಗೆ ಬ್ರೇಕಿನಿಂದ ಹಾರುವ ಕಬ್ಬಿಣದ ಪುಡಿ, ಶಿರಾಡಿಯೋ ಆಗುಂಬೆಯೋ ಇಳಿದು ಬಂದ ಕಾರಿನಲ್ಲಿ ಇದು ಜಾಸ್ತಿ. ಇವೆಲ್ಲ ಒಂದೇ ಔಷಧಕ್ಕೆ ಹೋಗುವುದಿಲ್ಲ.

ಉಪ್ಪು ನೀರಿಗೇ ಹೋಗುತ್ತದೆ. ಮೊದಲು ಪೈಪಿನ ನೀರನ್ನು ಧಾರಾಳ ಬಿಡಿ, ಬಟ್ಟೆ ಮುಟ್ಟಿಸುವ ಮೊದಲೇ. ಕೆಂಪು ಧೂಳಿನ ಮೇಲೆ ಒಣ ಬಟ್ಟೆ ಎಳೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ, ಜೇಡರ ಬಲೆಯ ಗೀರು ಹುಟ್ಟುವುದೇ ಅಲ್ಲಿ. ಆಮೇಲೆ ಶಾಂಪೂ. ಬಟ್ಟೆ ಒಗೆಯುವ ಪುಡಿ ಬೇಡ.

ಟಾರಿಗೆ ಟಾರ್ ರಿಮೂವರ್ ಸಿಗುತ್ತದೆ. ಸಿಗದಿದ್ದರೆ ಬಟ್ಟೆಯ ತುದಿಗೆ ಸ್ವಲ್ಪ ಸೀಮೆಎಣ್ಣೆ ಮಾಡಿ ಚುಕ್ಕೆಯ ಮೇಲೆ ಒಂದು ನಿಮಿಷ ಇಟ್ಟು ಒರೆಸಿ, ಆದರೆ ಅದು ಪಸೆ ಬಿಡುತ್ತದೆ, ಆ ಜಾಗವನ್ನು ಶಾಂಪೂವಿನಲ್ಲಿ ಎರಡು ಸಲ ತೊಳೆಯಬೇಕು. ಪೆಟ್ರೋಲ್ ಹಾಕಿ ಒರೆಸುವ ಅಭ್ಯಾಸ ಕೆಲವರಿಗೆ ಉಂಟು, ಅದು ಬೇಡ, ಬೆಂಕಿಯ ಅಪಾಯ ಬೇರೆ.

ಕಬ್ಬಿಣದ ಪುಡಿಗೆ ಐರನ್ ರಿಮೂವರ್. ಸ್ಪ್ರೇ ಮಾಡಿ ಸ್ವಲ್ಪ ಹೊತ್ತು ಕಾದರೆ ಬಿಳಿ ಕಾರಿನ ಕೆಳಭಾಗದ ಚುಕ್ಕೆಗಳಿಂದ ನೇರಳೆ ಹಣ್ಣಿನ ರಸ ಇಳಿದ ಹಾಗೆ ಇಳಿಯುತ್ತದೆ. ಅದನ್ನು ಮೊದಲ ಸಲ ನೋಡಿದವರು ಬಣ್ಣವೇ ಕರಗಿತು ಅಂತ ಹೆದರುತ್ತಾರೆ. ಹೆದರಬೇಡಿ, ಅದು ಕಬ್ಬಿಣ ಕರಗುವುದರ ಗುರುತು. ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದೆ, ಗ್ಲೌಸ್ ಹಾಕಿಕೊಳ್ಳಿ, ಗಾಳಿ ಆಡುವ ಜಾಗದಲ್ಲಿ ಮಾಡಿ, ಒಣಗಲು ಬಿಡದೆ ತೊಳೆಯಿರಿ. ಬಿಸಿಲಲ್ಲಂತೂ ಬೇಡ.

ಇಷ್ಟಾದ ಮೇಲೂ ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕೊಳೆಯನ್ನು ಅಂಟಿಸಿಕೊಂಡು ಎಳೆಯುವ ಮೆತ್ತಗಿನ ಜೇಡಿಯಂಥ ಮುದ್ದೆ. ಮೈಲ್ಡ್ ಅಂತ ಬರೆದದ್ದೇ ತನ್ನಿ. ಶಾಂಪೂ ನೀರೋ ಕ್ಲೇ ಲೂಬ್ರಿಕೆಂಟೋ ಧಾರಾಳವಾಗಿ ಚಿಮುಕಿಸಿ, ಒತ್ತದೆ ಸವರುತ್ತಾ ಹೋಗಿ. ಮೊದಲು ಕರಕರ ಶಬ್ದ ಬರುತ್ತದೆ, ನಾಲ್ಕೈದು ಸಲ ಸವರಿದ ಮೇಲೆ ಶಬ್ದ ನಿಂತು ಕೈ ಜಾರಿದ ಹಾಗೆ ಆಗುತ್ತದೆ, ಅಲ್ಲಿಗೆ ಆ ಜಾಗ ಮುಗಿಯಿತು. ಕ್ಲೇ ಕೈಜಾರಿ ನೆಲಕ್ಕೆ ಬಿದ್ದರೆ ಎಷ್ಟೇ ಹೊಸದಾಗಿರಲಿ ಎಸೆಯಿರಿ. ಅದಕ್ಕೆ ಅಂಟಿದ ಒಂದು ಮರಳಿನ ಕಣ ಸಾಕು. ಕ್ಲೇಯಿಂದಲೂ ಸಣ್ಣ ಸಣ್ಣ ಗೀರು ಆಗುತ್ತದೆ, ಅದಕ್ಕೇ ಇದು ಪಾಲಿಶ್‌ಗೆ ಮೊದಲು.

ಪ್ರಶ್ನೆ: ನಮ್ಮ ಮನೆ ಹತ್ತಿರ ಪೇಂಟಿಂಗ್ ಮಾಡುವವರು ಅರ್ಧ ದಿನದಲ್ಲಿ ರಬ್ಬಿಂಗ್ ಮಾಡಿ ಕೊಡುತ್ತೇನೆ ಅನ್ನುತ್ತಾರೆ. ಅಲ್ಲಿ ಮಾಡಿಸಿ ಕೋಟಿಂಗ್ ನಾನೇ ಹಾಕಿದರೆ ಆಗದಾ? ಕೈಯಲ್ಲೇ ಪಾಲಿಶ್ ಮಾಡಬಹುದಾ? (ಕಾಪುವಿನ ಓದುಗರು)

ಉತ್ತರ: ನನ್ನ ಮೊದಲ ಕಾರಿನ ಕತೆ ಹೇಳುತ್ತೇನೆ. ಹೀಗೇ ಒಂದು ಕಡೆ ಕೊಟ್ಟಿದ್ದೆ. ರೋಟರಿ ಮೆಷಿನ್, ಉಣ್ಣೆಯ ಪ್ಯಾಡ್, ಡಬ್ಬಿಯಲ್ಲಿ ಬರುವ ಒರಟು ರಬ್ಬಿಂಗ್ ಕಾಂಪೌಂಡ್. ಸಂಜೆ ತರುವಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮರುದಿನ ಬೆಳಿಗ್ಗೆ ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ತುಂಬಾ ರಂಗೋಲಿ ಎಳೆದ ಹಾಗೆ ಬೆಳಕಿನ ಗೆರೆಗಳು, ನಾನು ನಡೆದ ಹಾಗೆ ಅವೂ ಓಡುತ್ತಿದ್ದವು. ಬಾನೆಟ್‌ನ ಅಂಚಿನಲ್ಲಿ ಬೆರಳಿನಷ್ಟು ಉದ್ದಕ್ಕೆ ಬಣ್ಣವೇ ಹೋಗಿ ಪ್ರೈಮರ್ ಕಾಣುತ್ತಿತ್ತು. ಆ ಕೆಲಸ ಮಾಡಿದವರು ಒಳ್ಳೆಯ ಪೇಂಟರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಸದಾಗಿ ಪೇಂಟ್ ಹೊಡೆದ ದಪ್ಪ ಪದರಕ್ಕೆ ಮಾಡುವ ಕೆಲಸವನ್ನು ಕಂಪನಿ ಪೇಂಟ್‌ನ ತೆಳು ಪದರದ ಮೇಲೆ ಮಾಡಿದ್ದರು. ಬಾನೆಟ್ ಮತ್ತೆ ಪೇಂಟ್ ಮಾಡಿಸಬೇಕಾಯಿತು. ಇವತ್ತಿಗೂ ಆ ನೆನಪಾದರೆ ಬೇಜಾರು.

ರೋಟರಿ ಒಂದೇ ಕಡೆ ಗರಗರ ತಿರುಗುತ್ತದೆ, ಬಿಸಿ ಬೇಗ ಏರುತ್ತದೆ, ಅಂಚಿನಲ್ಲಿ ಒಂದು ಕ್ಷಣ ಜಾಸ್ತಿ ನಿಂತರೂ ಪದರ ಹೋಯಿತು. ಪಳಗಿದ ಕೈಗೆ ಅದು ಅದ್ಭುತ ಸಾಧನ. ಮನೆಯಲ್ಲಿ ಕಲಿಯುವವರಿಗೆ ಡ್ಯುಯಲ್ ಆಕ್ಷನ್, ಅಂದರೆ ಡಿಎ ಮೆಷಿನ್ ಒಳ್ಳೆಯದು. ಅದು ತಿರುಗುತ್ತಾ ಅಲುಗಾಡುತ್ತದೆ, ಜಾಸ್ತಿ ಒತ್ತಿದರೆ ತಿರುಗುವುದೇ ನಿಲ್ಲುತ್ತದೆ, ಹಾಗಾಗಿ ಬಣ್ಣ ಸುಡುವ ಭಯ ಬಹಳ ಕಡಿಮೆ. ಪ್ಯಾಡ್‌ನ ಹಿಂದಿನ ಪ್ಲೇಟಿಗೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದಿಡಿ, ಗೆರೆ ಸುತ್ತುತ್ತಿರುವುದು ಕಾಣುತ್ತಿದ್ದರೆ ಸರಿಯಾಗಿ ನಡೆಯುತ್ತಿದೆ ಅಂತ ಅರ್ಥ. ಡಿಎ ಆದರೂ ಅಂಚಿಗೆ, ಉಬ್ಬು ಗೆರೆಗಳಿಗೆ ಟೇಪ್ ಹಾಕಿ, ಅಲ್ಲಿ ಬಣ್ಣ ತೆಳು.

ಕೈಯಲ್ಲಿ ಮಾಡಬಹುದು, ಆದರೆ ಇಡೀ ಕಾರು ಒಂದೇ ಹದಕ್ಕೆ ಬರುವುದು ಕಷ್ಟ. ಹಿಡಿಕೆಯ ಕೆಳಗೆ ಉಗುರು ತಾಗಿ ಆದ ಗೀರು, ಕನ್ನಡಿಯ ಬುಡ, ಇಂಥ ಸಣ್ಣ ಜಾಗಕ್ಕೆ ಕೈಯೇ ಸರಿ. ಕೈಯಲ್ಲಿ ಮಾಡುವವರಿಗೆ ಮೆಗ್ವಾಯರ್ಸ್ ಅಲ್ಟಿಮೇಟ್ ಕಾಂಪೌಂಡ್‌ನಂಥದ್ದು ಹೊಂದುತ್ತದೆ. ಬನಿಯನ್ ವೇಸ್ಟ್‌ನಲ್ಲಿ ಉಜ್ಜಬೇಡಿ, ಅದರ ಹೊಲಿಗೆಯೇ ಗೀರುತ್ತದೆ. ಫೋಮ್ ಅಪ್ಲಿಕೇಟರ್ ತನ್ನಿ.

ಮತ್ತೆ, ಅಲ್ಲೇ ಕೊಡುವುದಾದರೆ ಮೊದಲೇ ಎರಡು ವಿಷಯ ಕೇಳಿ: ಪೇಂಟ್ ದಪ್ಪ ಅಳೆಯುವ ಮೀಟರ್ ಇದೆಯಾ, ಕೊನೆಗೆ ಆಲ್ಕೋಹಾಲ್‌ನಲ್ಲಿ ಒರೆಸಿ ಬಿಸಿಲಲ್ಲಿ ತೋರಿಸುತ್ತೀರಾ. ಎರಡನೆಯದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಪ್ಪು ಕಾರು ತಗೊಂಡೆ. ನೆರಳಲ್ಲಿ ಚೆಂದ, ಬಿಸಿಲಲ್ಲಿ ಭಯಂಕರ. ಕಪ್ಪಿಗೆ ಬೇರೆ ಪಾಲಿಶ್ ಉಂಟಾ? ಬಾಗಿಲಲ್ಲಿ ಎರಡು ಆಳದ ಗೀರೂ ಇದೆ. (ಮಣಿಪಾಲದ ವಿದ್ಯಾರ್ಥಿ)

ಉತ್ತರ: ಕಪ್ಪು ಕಾರಿನಲ್ಲೂ ಮೇಲಿರುವುದು ಅದೇ ಪಾರದರ್ಶಕ ಕ್ಲಿಯರ್ ಕೋಟ್. ಕಪ್ಪಿನಲ್ಲಿ ಎಲ್ಲವೂ ಎದ್ದು ಕಾಣುತ್ತದೆ, ಅಷ್ಟೇ ವ್ಯತ್ಯಾಸ. ಅದಕ್ಕೇ ಬಿಳಿ ಕಾರಿನಲ್ಲಿ ಮಧ್ಯಮ ಪಾಲಿಶ್‌ಗೇ ನಿಲ್ಲಿಸಿದರೂ ನಡೆಯುತ್ತದೆ, ಕಪ್ಪಿನಲ್ಲಿ ಫಿನಿಶಿಂಗ್ ಪಾಲಿಶ್ ಬಿಡುವ ಹಾಗೇ ಇಲ್ಲ, ಮಧ್ಯಮದ್ದು ಬಿಟ್ಟುಹೋಗುವ ಮಂಜು ಅದರಿಂದಲೇ ಹೋಗುವುದು. ಬಣ್ಣ ಸೇರಿಸಿದ ಕಪ್ಪು ಪಾಲಿಶ್ ಅಂತ ಮಾರುತ್ತಾರೆ, ಕೋಟಿಂಗ್ ಹಾಕುವವರು ಅದನ್ನು ತಗೊಳ್ಳಬೇಡಿ.

ಆಳದ ಗೀರಿನ ಮೇಲೆ ಉಗುರನ್ನು ಅಡ್ಡಕ್ಕೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅದು ಪಾಲಿಶ್‌ಗೆ ಹೋಗುವ ಗೀರಲ್ಲ. ಸ್ವಲ್ಪ ಮಸುಕಾಗಿಸಬಹುದು, ಪೂರ್ತಿ ತೆಗೆಯಲು ಹೋದರೆ ಕ್ಲಿಯರ್ ಕೋಟೇ ಹೋಗುತ್ತದೆ. ಹಾಗೇ ಇರಲಿ ಬಿಡಿ. ಬಾಗಿಲಿನ ಪಿಲ್ಲರ್‌ನ ಮೇಲೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇದ್ದರೆ ಅಲ್ಲಿ ಅತಿ ಮೆತ್ತಗಿನ ಪ್ಯಾಡ್, ಫಿನಿಶಿಂಗ್ ಪಾಲಿಶ್ ಮಾತ್ರ. ಅದು ಒಣ ಬಟ್ಟೆಗೂ ಗೀರು ಬೀಳುವ ಜಾತಿ.

ಸೆಕೆಂಡ್ ಹ್ಯಾಂಡ್ ಅಂದಿರಿ, ಇದೊಂದು ಮುಖ್ಯ. ಹಿಂದಿನವರು ಎಷ್ಟು ಸಲ ರಬ್ಬಿಂಗ್ ಮಾಡಿಸಿದ್ದಾರೋ ಗೊತ್ತಿಲ್ಲ. ಯಾರ ಹತ್ತಿರವಾದರೂ ಮೀಟರ್ ತಂದು ಒಂದೊಂದು ಭಾಗ ಅಳೆಯಿರಿ. ಉಳಿದೆಲ್ಲ ಕಡೆ 110, 120 ಇದ್ದು ಬಾನೆಟ್‌ನಲ್ಲಿ 80 ತೋರಿಸಿದರೆ ಅಲ್ಲಿ ಕೈ ಹಗುರ ಇರಲಿ. ಎಲ್ಲಾದರೂ 250, 300 ತೋರಿಸಿದರೆ ಆ ಭಾಗಕ್ಕೆ ಮತ್ತೆ ಪೇಂಟ್ ಆಗಿದೆ ಅಂತ ಅರ್ಥ. ಮೀಟರ್ ಕಬ್ಬಿಣದ ಮೇಲೆ ಮಾತ್ರ ಸರಿಯಾಗಿ ಹೇಳುತ್ತದೆ, ಅಲ್ಯೂಮಿನಿಯಂ ಇದ್ದರೆ ಎರಡನ್ನೂ ಅಳೆಯುವ ಮೀಟರ್ ಬೇಕು. ಪ್ಲಾಸ್ಟಿಕ್ ಬಂಪರ್ ಅದರಲ್ಲಿ ಬರುವುದಿಲ್ಲ.

ಪ್ರಶ್ನೆ: ಆಟಿಯಲ್ಲಿ (ಜುಲೈ-ಆಗಸ್ಟ್‌ನಲ್ಲಿ ಬರುವ ತುಳು ತಿಂಗಳು) ಅಂಗಡಿಗಳು ಕೋಟಿಂಗ್‌ಗೆ ಡಿಸ್ಕೌಂಟ್ ಕೊಡುತ್ತವೆ. ಮಳೆಗಾಲಕ್ಕೆ ರಕ್ಷಣೆ ಅಂತ ಆಗಲೇ ಹಾಕಿಸುವುದು ಒಳ್ಳೆಯದಲ್ವಾ? (ಸುರತ್ಕಲ್‌ನ ಓದುಗರು)

ಉತ್ತರ: ಮುಚ್ಚಿದ ಕೋಣೆ, ಒಣ ಗಾಳಿ, ಕಾರನ್ನು ಒಂದೆರಡು ದಿನ ಒಳಗೇ ಇಡುವ ವ್ಯವಸ್ಥೆ ಇದ್ದರೆ ಆಟಿಯಲ್ಲೂ ಮಾಡಬಹುದು. ಶೆಡ್ಡಿನ ತಗಡಿನ ಕೆಳಗೆ ಆದರೆ ಬೇಡ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕೋಟಿಂಗ್ ಹಾಕಿದ ಮೊದಲ ದಿನ ನೀರು ತಾಗಬಾರದು, ಹೆಚ್ಚಿನವು ಪೂರ್ತಿ ಗಟ್ಟಿಯಾಗಲು ಸುಮಾರು ಒಂದು ವಾರ ಬೇಕು. ಆ ವಾರದಲ್ಲಿ ಶಾಂಪೂವೂ ಬೇಡ.

ತೇವದ ಗಾಳಿಯಲ್ಲಿ ಇನ್ನೊಂದು ತೊಂದರೆ. ಕೋಟಿಂಗ್ ಬೇಗ ಬೇಗ ಹಿಡಿದುಕೊಳ್ಳುತ್ತದೆ. ಬಾಟ್ಲಿಯ ಮೇಲೆ ಎರಡು ನಿಮಿಷ ಬಿಟ್ಟು ಒರೆಸಿ ಅಂತ ಇದ್ದರೂ ಇಲ್ಲಿ ಒಂದೇ ನಿಮಿಷಕ್ಕೆ ಒರೆಸಬೇಕಾಗಬಹುದು. ತಡವಾದರೆ ಕಾಮನಬಿಲ್ಲಿನ ಬಣ್ಣದ ಕಲೆ ಗಟ್ಟಿಯಾಗಿ ಕೂರುತ್ತದೆ, ಅದನ್ನು ತೆಗೆಯಲು ಮತ್ತೆ ಪಾಲಿಶ್. ಒಂದೊಂದು ಸಲಕ್ಕೆ ಅರ್ಧ ಬಾಗಿಲಿನಷ್ಟೇ ಜಾಗಕ್ಕೆ ಹಚ್ಚಿ. ನಿಮ್ಮ ಬೆವರನ್ನೂ ಮರೆಯಬೇಡಿ. ಬಾನೆಟ್ ಮೇಲೆ ಬಗ್ಗಿದಾಗ ಹಣೆಯಿಂದ ಒಂದು ಹನಿ ಬಿದ್ದರೆ ಆ ಜಾಗದ ಕೆಲಸ ಮತ್ತೆ ಮೊದಲಿನಿಂದ. ನಾನು ತಲೆಗೆ ಬೈರಾಸು ಕಟ್ಟಿಕೊಂಡೇ ಮಾಡುವುದು.

ನನ್ನನ್ನು ಕೇಳಿದರೆ ದೀಪಾವಳಿ ಕಳೆದ ಮೇಲೆ, ನವೆಂಬರ್ ಕೊನೆಯಿಂದ ಫೆಬ್ರವರಿ ಒಳಗೆ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆರಳಿನಲ್ಲಿ. ಆಯುಧಪೂಜೆಗೆ ಹಚ್ಚಿದ ಕುಂಕುಮ, ಗಂಧ, ಹೂವಿನ ಸರಕ್ಕೆ ಅಂಟಿಸಿದ ಟೇಪಿನ ಗೋಂದು ಇದೆಲ್ಲ ಹೋಗಿಸುವ ಕೆಲಸವೂ ಆಗ ಒಟ್ಟಿಗೇ ಮುಗಿಯುತ್ತದೆ. ಈ ಮಳೆಗಾಲಕ್ಕೆ ಒಂದು ವ್ಯಾಕ್ಸ್ ಹಾಕಿಡಿ.

ಪ್ರಶ್ನೆ: ಹಳೆಯ ಕೆಂಪು ಕಾರು, ಬಣ್ಣ ಸುಣ್ಣದ ಹಾಗೆ ಬಿಳುಚಿದೆ. ಪಾಲಿಶ್ ಮಾಡಿದರೆ ಬಟ್ಟೆಯೆಲ್ಲ ಕೆಂಪಾಗುತ್ತದೆ. ಬಣ್ಣ ಹೋಗುತ್ತಿದೆಯಾ? (ಬ್ರಹ್ಮಾವರದ ಓದುಗರು)

ಉತ್ತರ: ಹೌದು, ಬಣ್ಣವೇ. ನಿಮ್ಮ ಕಾರಿಗೆ ಮೇಲೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಕೊನೆಯ ಪದರ. ಹಳೆಯ ಕಾರುಗಳಲ್ಲಿ ಇದು ಮಾಮೂಲು, ಗಾಬರಿ ಬೇಡ. ಬಿಳುಚಿದ ಮೇಲ್ಪದರ ಹೋದರೆ ಕೆಳಗೆ ಒಳ್ಳೆಯ ಕೆಂಪು ಸಿಗುತ್ತದೆ. ಮೆತ್ತಗಿನ ಪಾಲಿಶ್, ಒಂದೇ ಸುತ್ತು, ಆಮೇಲೆ ಒಳ್ಳೆಯ ಪೇಸ್ಟ್ ವ್ಯಾಕ್ಸ್, ನಾಲ್ಕು ತಿಂಗಳಿಗೊಮ್ಮೆ. ಸೆರಾಮಿಕ್‌ಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಇಂಥ ಕಾರಿಗೆ ಆಲ್ ಇನ್ ಒನ್ ಧಾರಾಳವಾಗಿ ಬಳಸಬಹುದು.

ಪ್ರಶ್ನೆ: ಹೊಸ ಕಾರು ನಾಡಿದ್ದು ಡೆಲಿವರಿ. ಹೊಸದಕ್ಕೆ ಪಾಲಿಶ್ ಇಲ್ಲದೆ ನೇರ ಕೋಟಿಂಗ್ ಹಾಕಬಹುದಲ್ವಾ? (ಬಿಜೈಯ ಓದುಗರು)

ಉತ್ತರ: ಹೊಸದು ಅಂದರೂ ಯಾರ್ಡಿನಲ್ಲಿ ನಿಂತಿರುತ್ತದೆ, ನಾಲ್ಕು ಜನ ಒಣ ಬಟ್ಟೆಯಲ್ಲಿ ಒರೆಸಿರುತ್ತಾರೆ. ಡೆಲಿವರಿಗೆ ಮೊದಲು ನಮ್ಮ ಕಾರು ತೊಳೆಯಬೇಡಿ, ಪಾಲಿಶ್ ಮಾಡಬೇಡಿ ಅಂತ ಶೋರೂಮಿನವರಿಗೆ ಹೇಳಿ, ಅದೇ ದೊಡ್ಡ ಉಪಕಾರ. ಮನೆಗೆ ತಂದು ತೊಳೆದು ಐರನ್ ರಿಮೂವರ್ ಹಾಕಿ ಟಾರ್ಚ್ ಹಿಡಿದು ನೋಡಿ. ಸಾಮಾನ್ಯವಾಗಿ ಫಿನಿಶಿಂಗ್ ಪಾಲಿಶ್ ಒಂದು ಸುತ್ತು ಸಾಕು, ಕೆಲವಕ್ಕೆ ಅದೂ ಬೇಡ.

ಅಪಘಾತವಾಗಿ ಈಚೆಗೆ ಪೇಂಟ್ ಆದ ಭಾಗ ಇದ್ದರೆ ಮಾತ್ರ ಕಾಯಬೇಕು, ಕಡಿಮೆಯೆಂದರೂ ಒಂದು ತಿಂಗಳು. ಪೇಂಟ್ ಒಳಗಿಂದ ಆರುತ್ತಾ ಇರುತ್ತದೆ. ಪೇಂಟ್ ಹೊಡೆದವರನ್ನೇ ಕೇಳಿ ಖಚಿತ ಮಾಡಿಕೊಳ್ಳಿ.

ಪ್ರಶ್ನೆ: ಕೊನೆಗೆ ಆಲ್ಕೋಹಾಲ್‌ನಲ್ಲಿ ಒರೆಸಬೇಕು ಅನ್ನುತ್ತೀರಿ. ಕೊರೊನಾ ಕಾಲದ ಸ್ಯಾನಿಟೈಸರ್ ಐದು ಲೀಟರ್ ಕ್ಯಾನು ಮನೆಯಲ್ಲಿದೆ, ಅದು ಆಗುತ್ತದಾ? ಹಲಸಿನ ಮರದ ಕೆಳಗೆ ನಿಲ್ಲಿಸಿ ಮಯಣವೂ ಬಿದ್ದಿದೆ. (ಉಳ್ಳಾಲದ ಓದುಗರು)

ಉತ್ತರ: ಸ್ಯಾನಿಟೈಸರ್ ಬೇಡ. ಕೈ ಒಡೆಯದಿರಲಿ ಅಂತ ಅದಕ್ಕೆ ಗ್ಲಿಸರಿನ್ ಹಾಕಿರುತ್ತಾರೆ, ಅದು ಬಣ್ಣದ ಮೇಲೆ ಹಾಗೇ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅಂತ ಕೇಳಿ ತನ್ನಿ. 99 ಶೇಕಡದ್ದಾದರೆ ಒಂದು ಪಾಲಿಗೆ ನಾಲ್ಕೈದು ಪಾಲು ನೀರು ಸೇರಿಸಿ, ಜಾಸ್ತಿ ಖಾರ ಆದರೆ ಕ್ಲಿಯರ್ ಕೋಟ್ ಮೆತ್ತಗಾಗುತ್ತದೆ. ನೀರು ಬೋರ್‌ವೆಲ್‌ನದ್ದು ಬೇಡ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಂಕಿನಲ್ಲಿ ಸಿಗುತ್ತದೆ. ಆಸಿಡ್ ಅಲ್ಲ, ನೀರು ಅಂತ ಲೇಬಲ್ ನೋಡಿಯೇ ತನ್ನಿ. ಕೋಟಿಂಗ್ ಕಂಪನಿಯವರದ್ದೇ ಪ್ಯಾನಲ್ ವೈಪ್ ಸಿಕ್ಕರೆ ಇನ್ನೂ ಒಳ್ಳೆಯದು.

ಮಯಣಕ್ಕೆ ನಿಮ್ಮ ಅಡುಗೆಮನೆಯ ತೆಂಗಿನೆಣ್ಣೆಯೇ ಔಷಧ. ಬೆರಳಲ್ಲಿ ಸವರಿ ಹತ್ತು ನಿಮಿಷ ಬಿಡಿ, ಮಯಣ ಮೆತ್ತಗಾಗಿ ಉರುಳೆ ಉರುಳೆಯಾಗಿ ಬರುತ್ತದೆ, ಉಗುರು ಹಾಕಿ ಕೆರೆಯಬೇಡಿ. ಇದನ್ನು ಎಲ್ಲದಕ್ಕಿಂತ ಮೊದಲು, ತೊಳೆಯುವ ದಿನವೇ ಮುಗಿಸಿ, ಆ ಜಾಗಕ್ಕೆ ಶಾಂಪೂ ಎರಡು ಸಲ. ಎಲ್ಲ ಪಾಲಿಶ್ ಆದ ಮೇಲೆ ಆಲ್ಕೋಹಾಲ್ ನೀರಿಗೆ ಎರಡು ಒಗೆದ ಮೈಕ್ರೋಫೈಬರ್ ಬಟ್ಟೆ ಇಟ್ಟುಕೊಳ್ಳಿ, ಒಂದು ಒರೆಸಲು, ಇನ್ನೊಂದು ಒಣಗಿಸಲು. ಬಾಗಿಲ ಹಿಡಿಕೆ, ಕನ್ನಡಿ, ನಂಬರ್ ಪ್ಲೇಟಿನ ಸಂದಿಯಲ್ಲಿ ನೀರು ಕೂತಿರುತ್ತದೆ, ಅದನ್ನು ಬ್ಲೋವರ್‌ನಲ್ಲೋ ಸೈಕಲ್ ಪಂಪಿನಲ್ಲೋ ಊದಿ ತೆಗೆದ ಮೇಲೆ ಕೋಟಿಂಗ್ ಬಾಟ್ಲಿಯ ಮುಚ್ಚಳ ತೆಗೆಯಿರಿ.